ನರರೋಗದ ಹೆಸರು ಚೀಟಿಯಲ್ಲಿ ಕಂಡಾಗ: ಅದನ್ನು ಹಂತ ಹಂತವಾಗಿ ಅರ್ಥ ಮಾಡಿಕೊಳ್ಳುವ ಬಗೆ

ಮೆದುಳಿಗೋ ನರಗಳಿಗೋ ಸಂಬಂಧಿಸಿದ ಕಾಯಿಲೆಯಿದೆ ಎಂದು ವೈದ್ಯರು ತಿಳಿಸಿದ ಮೇಲೆ ಓದುಗರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ ಬಗೆಯವು. ಈ ಹೆಸರಿನ ಅರ್ಥವೇನು, ಸ್ಕ್ಯಾನ್ ವರದಿಯಲ್ಲಿ ಬರೆದಿರುವುದು ಎಷ್ಟು ಗಂಭೀರ, ಇದು ವಾಸಿಯಾಗುವಂಥದ್ದೇ, ಔಷಧವನ್ನು ಎಷ್ಟು ದಿನ ತೆಗೆದುಕೊಳ್ಳಬೇಕು. ಒಂದೊಂದು ಕಾಯಿಲೆಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ಯಾವ ನರರೋಗವಾದರೂ ಅದನ್ನು ಅರಿಯಲು ನೆರವಾಗುವ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಅದರ ತಿರುಳು ಇಷ್ಟು: ನರರೋಗಗಳಲ್ಲಿ ಸ್ಕ್ಯಾನಿಗಿಂತ ಮೊದಲು ನಿಲ್ಲುವುದು ರೋಗಲಕ್ಷಣಗಳ ವೃತ್ತಾಂತ. ಯಾವ ಲಕ್ಷಣ ಮೊದಲು ಕಾಣಿಸಿತು, ಎಷ್ಟು ಬೇಗ ಬೆಳೆಯಿತು, ದೇಹದ ಯಾವ ಭಾಗವನ್ನು ಹಿಡಿಯಿತು ಎಂಬುದು ಸ್ಪಷ್ಟವಾಗಿದ್ದರೆ ಮಾತ್ರ ವರದಿಗಳಿಗೆ ಅರ್ಥ ಬರುತ್ತದೆ.

ನಿಮಗೆ ಬೇಕಾಗುವುದು ಹೆಚ್ಚೇನಿಲ್ಲ: ಒಂದು ಪುಸ್ತಕ, ಈವರೆಗಿನ ಎಲ್ಲ ವರದಿಗಳು ಮತ್ತು ಚೀಟಿಗಳು, ಈಗ ಸೇವಿಸುತ್ತಿರುವ ಎಲ್ಲ ಔಷಧಗಳ ಪಟ್ಟಿ, ಮತ್ತು ರೋಗಿಯ ಜೊತೆಯಲ್ಲಿದ್ದು ಕಣ್ಣಾರೆ ಕಂಡ ಒಬ್ಬ ವ್ಯಕ್ತಿ. ಪ್ರಜ್ಞೆ ತಪ್ಪುವ ಅಥವಾ ಮರೆವಿನ ಕಾಯಿಲೆಗಳಲ್ಲಿ ಆ ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ನಡೆದದ್ದು ರೋಗಿಗೆ ತಿಳಿದಿರುವುದಿಲ್ಲ.

1. ಮೊದಲು ಇದು ತುರ್ತು ಸ್ಥಿತಿಯಲ್ಲ ಎಂದು ಖಚಿತಪಡಿಸಿಕೊಳ್ಳಿ

ಕೆಲವು ಲಕ್ಷಣಗಳ ಮುಂದೆ ಓದುತ್ತ ಕೂರುವುದಕ್ಕೆ ಸಮಯವಿರುವುದಿಲ್ಲ. ಮುಖ ಒಂದು ಬದಿಗೆ ವಾಲುವುದು, ಒಂದು ಕೈಯೋ ಕಾಲೋ ಹಠಾತ್ತನೆ ಸೋಲುವುದು, ಮಾತು ತೊದಲುವುದು ಅಥವಾ ಅರ್ಥವಾಗದಂತಾಗುವುದು, ಒಂದು ಕಡೆಯ ದೃಷ್ಟಿ ಮರೆಯಾಗುವುದು, ಇವು ಪಾರ್ಶ್ವವಾಯುವಿನ ಸೂಚನೆಗಳು. ರಕ್ತನಾಳ ಮುಚ್ಚಿ ಆದ ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಆರಂಭವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಮತ್ತು ಅಷ್ಟರೊಳಗೂ ಎಷ್ಟು ಬೇಗ ಕೊಟ್ಟರೆ ಅಷ್ಟು ಹೆಚ್ಚು ಪ್ರಯೋಜನ. ಆದ್ದರಿಂದ ಆಸ್ಪತ್ರೆಯಲ್ಲಿ ಮೊದಲು ಕೇಳುವ ಪ್ರಶ್ನೆ, ರೋಗಿ ಕೊನೆಯ ಬಾರಿಗೆ ಎಂದಿನಂತೆ ಇದ್ದದ್ದು ಎಷ್ಟು ಗಂಟೆಗೆ ಎಂಬುದು. ಬೆಳಿಗ್ಗೆ ಎದ್ದಾಗಲೇ ಕೈ ಸೋತಿದ್ದರೆ, ಲೆಕ್ಕ ಎದ್ದ ಹೊತ್ತಿನಿಂದಲ್ಲ, ಹಿಂದಿನ ರಾತ್ರಿ ಸರಿಯಾಗಿದ್ದ ಹೊತ್ತಿನಿಂದ ಆರಂಭವಾಗುತ್ತದೆ.

ಹಾಗೆಯೇ, ಐದು ನಿಮಿಷ ದಾಟಿದರೂ ನಿಲ್ಲದ ಸೆಳವು ಅಥವಾ ನಡುವೆ ಪ್ರಜ್ಞೆ ಮರಳದೆ ಮೇಲಿಂದ ಮೇಲೆ ಬರುವ ಸೆಳವು, ಕ್ಷಣಾರ್ಧದಲ್ಲಿ ತೀವ್ರ ಮಟ್ಟ ತಲುಪುವ ಹಿಂದೆಂದೂ ಕಾಣದ ತಲೆನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ ಅಥವಾ ಮಂಕು, ಪಾದಗಳಿಂದ ಆರಂಭವಾಗಿ ದಿನದಿಂದ ದಿನಕ್ಕೆ ಮೇಲೇರುವ ನಿಶ್ಶಕ್ತಿ, ಬೆನ್ನುನೋವಿನೊಡನೆ ಗುದದ್ವಾರದ ಸುತ್ತ ಸ್ಪರ್ಶ ತಪ್ಪಿ ಮೂತ್ರ ಕಟ್ಟುವುದು, ಇವೆಲ್ಲವೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿಗಳೇ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು: ಪಾರ್ಶ್ವವಾಯು ಎಂದು ಊಹಿಸಿ ಮನೆಯಲ್ಲೇ ಆಸ್ಪಿರಿನ್ ನುಂಗಿಸುವುದು, ಏಕೆಂದರೆ ಕಾರಣ ರಕ್ತಸ್ರಾವವಾಗಿದ್ದರೆ ಅದರಿಂದ ಹಾನಿ ಹೆಚ್ಚುತ್ತದೆ, ಮತ್ತು ಎರಡನ್ನೂ ಸ್ಕ್ಯಾನ್ ಇಲ್ಲದೆ ಬೇರ್ಪಡಿಸಲಾಗದು, ನುಂಗುವ ಶಕ್ತಿ ಕುಂದಿರಬಹುದಾದವರಿಗೆ ನೀರು ಕುಡಿಸುವುದು, ಸೆಳವು ಬಂದವರ ಬಾಯಿಗೆ ಚಮಚ ತುರುಕುವುದು ಅಥವಾ ಅವರನ್ನು ಬಲವಾಗಿ ಹಿಡಿದಿಡುವುದು. ಸೆಳವು ಬಂದವರ ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ಅದರುವುದು ನಿಂತೊಡನೆ ಮಗ್ಗುಲಾಗಿ ಮಲಗಿಸಿ, ಗಡಿಯಾರ ನೋಡುತ್ತಿರುವುದೇ ಸರಿಯಾದ ಕ್ರಮ. ಕೈ ಸೋತು ಅರ್ಧ ಗಂಟೆಯಲ್ಲಿ ತಾನಾಗಿ ಸರಿಹೋದರೂ ಸುಮ್ಮನಿರಬೇಡಿ. ಅದು ಮೆದುಳಿನ ಒಂದು ಭಾಗಕ್ಕೆ ರಕ್ತದ ಹರಿವು ತಾತ್ಕಾಲಿಕವಾಗಿ ತಪ್ಪಿದ್ದಾಗಿರಬಹುದು, ಮತ್ತು ಅದರ ಬೆನ್ನಿಗೇ ಪೂರ್ಣ ಪಾರ್ಶ್ವವಾಯು ಬರುವ ಅಪಾಯ ಮೊದಲ ಎರಡು ದಿನಗಳಲ್ಲಿ ಅತಿ ಹೆಚ್ಚು.

2. ಲಕ್ಷಣಗಳ ಕಾಲಕ್ರಮವನ್ನು ಬರೆಯಿರಿ

ಈ ಲೇಖನದಲ್ಲಿ ಒಂದೇ ಒಂದು ಹಂತವನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ನರತಜ್ಞರು ರೋಗವನ್ನು ಊಹಿಸುವಾಗ ಬಳಸುವ ಮೊದಲ ಆಧಾರ, ಲಕ್ಷಣ ಬೆಳೆದ ವೇಗ. ಸೆಕೆಂಡು ಅಥವಾ ನಿಮಿಷಗಳಲ್ಲಿ ಎರಗುವುದು ರಕ್ತನಾಳದ ತೊಂದರೆಯೋ ಸೆಳವೋ ಆಗಿರುತ್ತದೆ. ಗಂಟೆಗಳಿಂದ ದಿನಗಳಲ್ಲಿ ಬೆಳೆಯುವುದು ಸೋಂಕು ಅಥವಾ ಉರಿಯೂತದ ಕಡೆ ಬೆರಳು ಮಾಡುತ್ತದೆ. ವಾರಗಳಿಂದ ತಿಂಗಳುಗಳಲ್ಲಿ ಹೆಚ್ಚುತ್ತ ಹೋದರೆ ಗೆಡ್ಡೆಯನ್ನೂ, ನಿಧಾನವಾಗಿ ಬೆಳೆಯುವ ಸೋಂಕನ್ನೂ, ಪೋಷಕಾಂಶದ ಕೊರತೆಯನ್ನೂ ಯೋಚಿಸಬೇಕಾಗುತ್ತದೆ. ವರ್ಷಗಳಲ್ಲಿ ಅರಿವಿಗೆ ಬಾರದಂತೆ ಕವಿಯುವುದು ಸಾಮಾನ್ಯವಾಗಿ ನರಕೋಶಗಳು ಕ್ರಮೇಣ ನಶಿಸುವ ಪಾರ್ಕಿನ್ಸನ್, ಆಲ್ಝೈಮರ್ ಬಗೆಯ ಕಾಯಿಲೆ. ಇದಕ್ಕೆ ಅಪವಾದಗಳಿವೆ, ಆದರೆ ದಾರಿ ತೋರಿಸುವುದಕ್ಕೆ ಇಷ್ಟು ಸಾಕು.

ಬರೆಯುವಾಗ ಕಾಯಿಲೆಯ ಹೆಸರನ್ನಲ್ಲ, ಕಂಡದ್ದನ್ನು ಬರೆಯಿರಿ. ‘ಕೆಲವು ಸಮಯದಿಂದ ಕೈಯಲ್ಲಿ ಶಕ್ತಿಯಿಲ್ಲ’ ಎಂಬ ಮಾತಿನಿಂದ ವೈದ್ಯರಿಗೆ ಸಿಗುವುದು ಅತ್ಯಲ್ಪ. ಅದನ್ನೇ ಹೀಗೆ ಬರೆದು ನೋಡಿ: ‘ಕಳೆದ ವರ್ಷ ಮಾರ್ಚ್ ಹೊತ್ತಿಗೆ ಬಲಗೈಯಿಂದ ಅಂಗಿಯ ಗುಂಡಿ ಹಾಕಲು ನಿಧಾನವಾಗತೊಡಗಿತು. ಆರು ತಿಂಗಳ ನಂತರ ಬರೆಯುವ ಅಕ್ಷರಗಳು ಸಾಲಿನ ಕೊನೆಗೆ ಬರುವಷ್ಟರಲ್ಲಿ ಚಿಕ್ಕದಾಗುತ್ತಿದ್ದವು. ಈ ವರ್ಷದ ಆರಂಭದಿಂದ ಸುಮ್ಮನೆ ಕುಳಿತಾಗ ಬಲಗೈ ಹೆಬ್ಬೆರಳು ನಡುಗುತ್ತದೆ. ಲೋಟ ಹಿಡಿಯಲು ಕೈ ಚಾಚಿದರೆ ನಡುಕ ನಿಲ್ಲುತ್ತದೆ. ಎಡಗೈಗೆ ತೊಂದರೆಯಿಲ್ಲ. ನಡೆಯುವಾಗ ಬಲಗೈ ಬೀಸುವುದಿಲ್ಲ ಎಂದು ಮನೆಯವರು ಹೇಳುತ್ತಾರೆ.’ ಇಲ್ಲಿ ನಿಧಾನಗತಿ, ಕಿರಿದಾಗುವ ಬರಹ, ವಿಶ್ರಾಂತಿಯಲ್ಲಿನ ನಡುಕ, ಒಂದೇ ಬದಿಯ ಆರಂಭ ಎಂಬ ನಾಲ್ಕು ಸುಳಿವುಗಳಿದ್ದು, ಅನುಭವಿ ವೈದ್ಯರು ಪರೀಕ್ಷೆಗೆ ಕೈಹಾಕುವ ಮೊದಲೇ ಪಾರ್ಕಿನ್ಸನ್ ಕಾಯಿಲೆಯನ್ನು ಯೋಚಿಸಿರುತ್ತಾರೆ.

ಬಂದು ಹೋಗುವ ಲಕ್ಷಣಗಳಾದರೆ, ಅವು ಹರಡಿದ ರೀತಿಯನ್ನೂ ಗಮನಿಸಿ. ಅರೆತಲೆನೋವಿಗೆ ಮುನ್ನ ಕಾಣುವ ಹೊಳೆಯುವ ಅಂಕುಡೊಂಕು ಗೆರೆಗಳು ಅಥವಾ ಬೆರಳಿನಿಂದ ತೋಳಿಗೇರುವ ಜೋಮು ನಿಮಿಷಗಳ ಲೆಕ್ಕದಲ್ಲಿ ನಿಧಾನವಾಗಿ ಹಬ್ಬಿ, ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಇಳಿಯುತ್ತದೆ. ಸೆಳವಿನಲ್ಲಿ ಇದೇ ಹರಡುವಿಕೆ ಸೆಕೆಂಡುಗಳಲ್ಲಿ ಆಗುತ್ತದೆ. ಪಾರ್ಶ್ವವಾಯುವಿನಲ್ಲಿ ಮಾತ್ರ ಹೆಚ್ಚಾಗಿ ಎಲ್ಲವೂ ಒಮ್ಮೆಲೇ ಆಗುತ್ತದೆ. ಸಾಧ್ಯವಾದಾಗ ಜೊತೆಯಲ್ಲಿದ್ದವರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಲಿ. ರೋಗಿಯ ಸುರಕ್ಷತೆ ನೋಡಿಕೊಂಡ ನಂತರ, ಮುಖ ಮತ್ತು ಕೈಕಾಲುಗಳೆಲ್ಲ ಕಾಣುವಂತೆ. ಅಂಥ ಒಂದು ನಿಮಿಷದ ದೃಶ್ಯದಿಂದ ಎಷ್ಟೋ ತಿಂಗಳ ಅನುಮಾನ ಪರಿಹಾರವಾಗುವುದುಂಟು.

3. ತೊಂದರೆ ಇರುವ ಜಾಗವನ್ನು ಕೇಳಿ ತಿಳಿಯಿರಿ

‘ನರದ ತೊಂದರೆ’ ಎಂಬ ಮಾತು ಬಹಳ ವಿಶಾಲವಾದದ್ದು. ಮೆದುಳು, ಬೆನ್ನುಹುರಿ, ಅಲ್ಲಿಂದ ಹೊರಡುವ ನರಗಳು, ನರ ಮತ್ತು ಸ್ನಾಯು ಸೇರುವ ಸಂಧಿ, ಕೊನೆಗೆ ಸ್ನಾಯು, ಈ ಐದು ಜಾಗಗಳಲ್ಲಿ ಯಾವುದರಲ್ಲಿ ತೊಂದರೆಯಿದೆ ಎಂದು ವೈದ್ಯರನ್ನು ನೇರವಾಗಿ ಕೇಳಿ.

ದೇಹದ ಒಂದು ಪಾರ್ಶ್ವದ ಮುಖ, ಕೈ, ಕಾಲು ಒಟ್ಟಿಗೆ ಸೋತರೆ ಅದು ಸಾಮಾನ್ಯವಾಗಿ ಮೆದುಳಿನ ವಿರುದ್ಧ ಬದಿಯ ಹಾನಿ. ಎದೆಯ ಅಥವಾ ಹೊಟ್ಟೆಯ ಒಂದು ಮಟ್ಟದಿಂದ ಕೆಳಗೆ ಎರಡೂ ಕಡೆ ಸ್ಪರ್ಶ ಮತ್ತು ಬಲ ಕುಂದಿ, ಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿಯನ್ನು ನೋಡಬೇಕು. ಎರಡೂ ಪಾದಗಳಲ್ಲಿ ಕಾಲುಚೀಲ ತೊಟ್ಟ ಜಾಗದಲ್ಲಿ ಉರಿ, ಜೋಮು ಶುರುವಾಗಿ ನಿಧಾನವಾಗಿ ಮೇಲೇರಿದರೆ ಅದು ಹೊರನರಗಳ ಕಾಯಿಲೆ; ಮಧುಮೇಹದಲ್ಲಿ ಹೀಗಾಗುವುದು ಏಕೆಂದರೆ ಅತಿ ಉದ್ದದ ನರಗಳ ತುದಿಗಳು ಮೊದಲು ಸೊರಗುತ್ತವೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಯ ಹೊತ್ತಿಗೆ ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಅಗಿಯುತ್ತ ಅಗಿಯುತ್ತ ದವಡೆ ಸೋಲುವುದು ನರ-ಸ್ನಾಯು ಸಂಧಿಯ ಕಾಯಿಲೆಯಾದ ಮಯಸ್ತೇನಿಯಾ ಗ್ರೇವಿಸ್ ಲಕ್ಷಣ. ನೆಲದಿಂದ ಏಳಲು, ತಲೆ ಬಾಚಲು ಕಷ್ಟವಾಗಿ, ಸ್ಪರ್ಶ ಮಾತ್ರ ಸಂಪೂರ್ಣ ಸರಿಯಿದ್ದರೆ ಸ್ನಾಯುವಿನ ಕಾಯಿಲೆಯ ಸಾಧ್ಯತೆ ಹೆಚ್ಚು. ಜಾಗ ತಿಳಿದರೆ, ಕಾಲು ಜೋಮಿಗೆ ಮೆದುಳಿನ ಸ್ಕ್ಯಾನ್ ಏಕೆ ಮಾಡಿಸಲಿಲ್ಲ ಎಂಬಂಥ ಸಂದೇಹಗಳು ತಾವಾಗಿಯೇ ಕರಗುತ್ತವೆ.

4. ಚೀಟಿಯಲ್ಲಿರುವ ಹೆಸರು ರೋಗದ್ದೋ ಲಕ್ಷಣದ್ದೋ ನೋಡಿ

ಅನೇಕರಿಗೆ ರೋಗದ ಹೆಸರೆಂದು ತೋರುವುದು ವಾಸ್ತವದಲ್ಲಿ ಒಂದು ಗುಂಪಿನ ಹೆಸರು. ಡಿಮೆನ್ಷಿಯಾ, ಅಂದರೆ ದೈನಂದಿನ ಬದುಕಿಗೆ ತೊಡಕಾಗುವಷ್ಟು ಬುದ್ಧಿಶಕ್ತಿ ಕುಂದುವುದು, ಒಂದು ಸ್ಥಿತಿ. ಅದಕ್ಕೆ ಅತಿ ಸಾಮಾನ್ಯ ಕಾರಣ, 1906ರಲ್ಲಿ ಅಲೋಯಿಸ್ ಆಲ್ಝೈಮರ್ ಮೊದಲು ವಿವರಿಸಿದ ಕಾಯಿಲೆ. ಆದರೆ ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಂದತೆ, ಖಿನ್ನತೆ, ಕೆಲವು ಔಷಧಗಳು, ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ನಿಧಾನವಾಗಿ ಶೇಖರವಾದ ರಕ್ತ, ಇವುಗಳಿಂದಲೂ ಮರೆವು ಬರಬಹುದು ಮತ್ತು ಇವುಗಳಿಗೆ ಚಿಕಿತ್ಸೆಯಿದೆ. ಆದ್ದರಿಂದ ‘ವಯಸ್ಸಾಯಿತು, ಮರೆವು ಸಹಜ’ ಎಂದು ಪರೀಕ್ಷೆಯೇ ಇಲ್ಲದೆ ಬಿಟ್ಟುಬಿಡುವುದು ದೊಡ್ಡ ಅನ್ಯಾಯ. ಪಾರ್ಕಿನ್ಸನಿಸಂ, ಅಂದರೆ ನಿಧಾನಗತಿಯ ಜೊತೆ ನಡುಕ ಅಥವಾ ಬಿಗಿತ ಕಾಣುವುದು, ಕೂಡ ಗುಂಪಿನ ಹೆಸರೇ. ಮನೋರೋಗ ಮತ್ತು ವಾಂತಿಗೆ ಕೊಡುವ ಕೆಲವು ಔಷಧಗಳಿಂದ ಅದು ಬಂದಿದ್ದರೆ, ವೈದ್ಯರು ಔಷಧ ಬದಲಿಸಿದ ಮೇಲೆ ಹೆಚ್ಚಿನವರಲ್ಲಿ ಇಳಿಯುತ್ತದೆ. ನ್ಯೂರೋಪತಿ ಎಂದರೆ ನರದ ಹಾನಿ ಎಂದಷ್ಟೇ ಅರ್ಥ. ಕಾರಣವನ್ನು ನೀವು ಪ್ರತ್ಯೇಕವಾಗಿ ಕೇಳಬೇಕು.

ಸೆಳವು ಮತ್ತು ಅಪಸ್ಮಾರದ ವ್ಯತ್ಯಾಸವೂ ಇಂಥದ್ದೇ. ಮೆದುಳಿನ ವಿದ್ಯುತ್ ಚಟುವಟಿಕೆ ಹಠಾತ್ತನೆ ಅಂಕೆ ಮೀರುವ ಒಂದು ಘಟನೆ ಸೆಳವು. ಸಕ್ಕರೆ ತೀರಾ ಇಳಿದಾಗ, ಮಕ್ಕಳಿಗೆ ಜ್ವರ ಬಂದಾಗ, ಮದ್ಯವನ್ನು ಏಕಾಏಕಿ ಬಿಟ್ಟಾಗ ಬರುವ ಸೆಳವು ಅಪಸ್ಮಾರವಲ್ಲ. ತಕ್ಷಣದ ಪ್ರಚೋದನೆಯಿಲ್ಲದೆ ಒಂದು ದಿನಕ್ಕಿಂತ ಹೆಚ್ಚಿನ ಅಂತರದಲ್ಲಿ ಎರಡು ಬಾರಿ ಬಂದರೆ, ಅಥವಾ ಒಂದೇ ಬಾರಿ ಬಂದರೂ ಮರುಕಳಿಸುವ ಸಂಭವ ಹೆಚ್ಚೆಂದು ಪರೀಕ್ಷೆಗಳು ತೋರಿಸಿದರೆ ಅಪಸ್ಮಾರ ಎನ್ನುತ್ತಾರೆ. ಸರಿಯಾದ ಔಷಧವನ್ನು ತಪ್ಪದೆ ಸೇವಿಸಿದರೆ ಅಪಸ್ಮಾರವುಳ್ಳವರಲ್ಲಿ ಸುಮಾರು 70 ಪ್ರತಿಶತ ಮಂದಿ ಸೆಳವಿಲ್ಲದೆ ಬದುಕಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹೆಸರಿನ ಜೊತೆ ಬರುವ ವಿಶೇಷಣಗಳನ್ನೂ ಸರಿಯಾಗಿ ಓದಿ. ‘ಅಕ್ಯೂಟ್’ ಎಂದರೆ ಇತ್ತೀಚೆಗೆ, ಬೇಗನೆ ಬಂದದ್ದು, ಭೀಕರ ಎಂದಲ್ಲ. ‘ಕ್ರಾನಿಕ್’ ಎಂದರೆ ದೀರ್ಘಕಾಲದ್ದು. ವಾಸಿಯಾಗದ್ದು ಎಂದೇ ಅರ್ಥವಲ್ಲ. ‘ಇಡಿಯೋಪತಿಕ್’ ಎಂದರೆ ಕಾರಣ ಗೊತ್ತಾಗಿಲ್ಲ. ಹೆಸರಿನ ಹಿಂದೆ ಪ್ರಶ್ನಾರ್ಥಕ ಚಿಹ್ನೆಯಿದ್ದರೆ ಅದು ಇನ್ನೂ ಅನುಮಾನದ ಹಂತ, ತೀರ್ಮಾನವಲ್ಲ. ಆ ಚಿಹ್ನೆಯನ್ನು ಗಮನಿಸದೆ ಬಂಧುಗಳಿಗೆಲ್ಲ ಸುದ್ದಿ ಮುಟ್ಟಿಸಿ ಸಂಕಟಪಡುವ ಕುಟುಂಬಗಳು ಕಡಿಮೆಯಿಲ್ಲ.

5. ಪರೀಕ್ಷೆ ಏನನ್ನು ತೋರಿಸುತ್ತದೆ, ಏನನ್ನು ತೋರಿಸಲಾರದು ಎಂದು ತಿಳಿಯಿರಿ

ಸಿಟಿ ಸ್ಕ್ಯಾನ್ ಕ್ಷ-ಕಿರಣಗಳಿಂದ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ ಮತ್ತು ಹೊಸ ರಕ್ತಸ್ರಾವವನ್ನು ಚೆನ್ನಾಗಿ ತೋರಿಸುತ್ತದೆ; ರಕ್ತನಾಳ ಮುಚ್ಚಿದ ಪಾರ್ಶ್ವವಾಯುವಿನ ಮೊದಲ ಗಂಟೆಗಳಲ್ಲಿ ಮಾತ್ರ ಅದರಲ್ಲಿ ಯಾವ ದೋಷವೂ ಕಾಣದಿರಬಹುದು. ಎಂಆರ್‌ಐ ಕಾಂತಕ್ಷೇತ್ರವನ್ನು ಬಳಸಿ ಇನ್ನೂ ಸೂಕ್ಷ್ಮ ಚಿತ್ರ ಕೊಡುತ್ತದೆ. ದೇಹದಲ್ಲಿ ಪೇಸ್‌ಮೇಕರ್ ಅಥವಾ ಲೋಹದ ಭಾಗಗಳಿದ್ದರೆ ಮೊದಲೇ ಹೇಳಲೇಬೇಕು. ಇವೆರಡೂ ಮೆದುಳಿನ ರಚನೆಯನ್ನು ತೋರಿಸುತ್ತವೆಯೇ ಹೊರತು ಅದರ ಕೆಲಸವನ್ನಲ್ಲ. ಅರೆತಲೆನೋವು, ಅಪಸ್ಮಾರದ ಹಲವು ಬಗೆಗಳು, ಆರಂಭದ ಪಾರ್ಕಿನ್ಸನ್, ಇವುಗಳಲ್ಲಿ ಸ್ಕ್ಯಾನ್ ಸಂಪೂರ್ಣ ಸಹಜವಾಗಿರುವುದು ಸಾಮಾನ್ಯ. ‘ಸ್ಕ್ಯಾನಿನಲ್ಲಿ ಏನೂ ಇಲ್ಲ, ಆದ್ದರಿಂದ ಕಾಯಿಲೆಯೇ ಇಲ್ಲ’ ಎಂದು ರೋಗಿಯನ್ನು ಅನುಮಾನಿಸಬೇಡಿ.

ಇಇಜಿ, ಅಂದರೆ ತಲೆಯ ಮೇಲೆ ತಂತಿಗಳನ್ನು ಅಂಟಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಆ ಅರ್ಧ ಗಂಟೆಯ ಚಟುವಟಿಕೆಯನ್ನಷ್ಟೇ ಹಿಡಿಯುತ್ತದೆ. ಅದು ಸಹಜವಾಗಿದ್ದ ಮಾತ್ರಕ್ಕೆ ಅಪಸ್ಮಾರವಿಲ್ಲ ಎನ್ನಲಾಗದು. ನರದ ವೇಗವನ್ನು ಅಳೆಯುವ ಪರೀಕ್ಷೆಯಲ್ಲಿ ಸಣ್ಣ ವಿದ್ಯುತ್ ಪ್ರಚೋದನೆ ಕೊಟ್ಟು ಸಂದೇಶ ಎಷ್ಟು ಬೇಗ ಸಾಗುತ್ತದೆ ನೋಡುತ್ತಾರೆ. ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯಂತೆ ನರಕ್ಕೂ ಮಯಲಿನ್ ಎಂಬ ಪೊರೆಯಿದ್ದು, ಪೊರೆ ಹಾಳಾದರೆ ವೇಗ ಕುಗ್ಗುತ್ತದೆ, ಒಳಗಿನ ಎಳೆಯೇ ಹಾಳಾದರೆ ಸಂದೇಶದ ಬಲ ಕುಗ್ಗುತ್ತದೆ.

ಈಗ ವರದಿಯನ್ನು ಓದೋಣ. ‘ಅನ್‌ರಿಮಾರ್ಕಬಲ್’ ಎಂಬ ಪದ ಕಂಡರೆ ಗಾಬರಿ ಬೇಡ. ಹೇಳಬೇಕಾದ ದೋಷವೇನೂ ಇಲ್ಲ ಎಂದರ್ಥ. ‘ಏಜ್ ರಿಲೇಟೆಡ್ ಅಟ್ರೋಫಿ’ ಎಂದರೆ ವಯಸ್ಸಿಗೆ ತಕ್ಕಂತೆ ಮೆದುಳು ತುಸು ಕುಗ್ಗಿರುವುದು. ಅದೇ ಡಿಮೆನ್ಷಿಯಾ ಅಲ್ಲ. ‘ಸ್ಮಾಲ್ ವೆಸೆಲ್ ಇಸ್ಕೀಮಿಕ್ ಚೇಂಜಸ್’ ಎಂದರೆ ಚಿಕ್ಕ ರಕ್ತನಾಳಗಳು ಸೊರಗಿದ ಗುರುತು. ವಯಸ್ಸಾದವರಲ್ಲಿ, ಅದರಲ್ಲೂ ರಕ್ತದೊತ್ತಡವುಳ್ಳವರಲ್ಲಿ ಬಹಳ ಸಾಮಾನ್ಯ, ಆದರೆ ಒತ್ತಡ ಮತ್ತು ಸಕ್ಕರೆಯನ್ನು ಹತೋಟಿಯಲ್ಲಿಡಬೇಕೆಂಬ ಎಚ್ಚರಿಕೆ ಅದರಲ್ಲಿದೆ. ‘ಡಿಸ್ಕ್ ಬಲ್ಜ್’, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ ಉಬ್ಬಿರುವುದು, ಬೆನ್ನುನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಧಾರಾಳವಾಗಿ ಕಾಣುತ್ತದೆ. ನೋವಿನ ಜಾಗಕ್ಕೂ ಡಿಸ್ಕ್ ಉಬ್ಬಿದ ಮಟ್ಟಕ್ಕೂ ತಾಳೆಯಾದರೆ ಮಾತ್ರ ಅದಕ್ಕೆ ಮಹತ್ವ. ವರದಿಯ ಕೊನೆಯ ‘ಕ್ಲಿನಿಕಲ್ ಕೋರಿಲೇಶನ್’ ಎಂಬ ಸಾಲು ಹೇಳುವುದೂ ಇದನ್ನೇ: ಚಿತ್ರವನ್ನು ರೋಗಿಯ ಲಕ್ಷಣಗಳೊಡನೆ ಹೊಂದಿಸಿ ನೋಡಿ. ನೀವು ಎರಡನೆಯ ಹಂತದಲ್ಲಿ ಬರೆದ ಕಾಲಕ್ರಮದ ಬೆಲೆ ಇಲ್ಲಿ ತಿಳಿಯುತ್ತದೆ.

6. ಒಂದರಂತೆ ಕಾಣುವ ಇನ್ನೊಂದನ್ನು ಬೇರ್ಪಡಿಸಿ

ತಲೆ ಹಗುರಾಗಿ, ಕಣ್ಣು ಕತ್ತಲಿಟ್ಟು, ಬಿಳಿಚಿಕೊಂಡು ಬಿದ್ದು, ಮಲಗಿದೊಡನೆ ಬೇಗ ಚೇತರಿಸಿಕೊಂಡರೆ ಅದು ಹೆಚ್ಚಾಗಿ ಬವಳಿ; ಆಗಲೂ ಕೈಕಾಲು ಕೆಲವು ಸಲ ಅದರುವುದುಂಟು. ನಾಲಿಗೆಯ ಬದಿ ಕಚ್ಚಿಕೊಂಡು, ಎಚ್ಚರವಾದ ಮೇಲೂ ಬಹಳ ಹೊತ್ತು ಮಂಕಾಗಿದ್ದರೆ ಸೆಳವಿನ ಸಾಧ್ಯತೆ ಹೆಚ್ಚು. ಕೆಲಸ ಮಾಡುವಾಗ ಎರಡೂ ಕೈ ನಡುಗಿ, ವಿಶ್ರಾಂತಿಯಲ್ಲಿ ನಿಲ್ಲುವ ನಡುಕ ಸಾಮಾನ್ಯವಾಗಿ ಪಾರ್ಕಿನ್ಸನ್ ಅಲ್ಲ. ಮುಖದ ಒಂದು ಬದಿ ಸೋತಾಗ ಹಣೆಯನ್ನೂ ಸುಕ್ಕುಗಟ್ಟಿಸಲಾಗದಿದ್ದರೆ ಮುಖದ ನರದ ಬೆಲ್ಸ್ ಪಾಲ್ಸಿ ಇರಬಹುದು. ಹಣೆ ಸರಿಯಿದ್ದು ಕೆಳಮುಖ ಮಾತ್ರ ಸೋತಿದ್ದರೆ ಮೆದುಳಿನ ಕಡೆ ಯೋಚಿಸುತ್ತಾರೆ. ಈ ವ್ಯತ್ಯಾಸವನ್ನು ಮನೆಯಲ್ಲಿ ನಿರ್ಧರಿಸಲು ಹೋಗಬೇಡಿ. ಬೆಲ್ಸ್ ಪಾಲ್ಸಿಯ ಔಷಧವೂ ಮೊದಲ ಮೂರು ದಿನಗಳೊಳಗೆ ಆರಂಭವಾದರೆ ಒಳ್ಳೆಯದು. ವಯಸ್ಸಾದವರು ಒಂದೆರಡು ದಿನಗಳಲ್ಲೇ ಗೊಂದಲಕ್ಕೊಳಗಾದರೆ ಅದು ಮರೆವಿನ ಕಾಯಿಲೆಯಲ್ಲ. ಸೋಂಕು, ಲವಣಾಂಶದ ಏರುಪೇರು, ಹೊಸ ಔಷಧ ಮುಂತಾದ ಕಾರಣವನ್ನು ಕೂಡಲೇ ಹುಡುಕಬೇಕು.

ಇನ್ನೊಂದು ಸ್ಥಿತಿಯ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಮೆದುಳಿನ ರಚನೆ ಸರಿಯಿದ್ದು, ಅದು ಕೆಲಸ ಮಾಡುವ ರೀತಿಯಲ್ಲಿ ಏರುಪೇರಾಗಿ ನಿಶ್ಶಕ್ತಿ, ನಡುಕ, ಸೆಳವಿನಂಥ ಘಟನೆಗಳು ಬರುವುದನ್ನು ಫಂಕ್ಷನಲ್ ನರರೋಗ ಎನ್ನುತ್ತಾರೆ. ಇದು ನಟನೆಯಲ್ಲ, ರೋಗಿಯ ಹಿಡಿತದಲ್ಲಿರುವಂಥದ್ದೂ ಅಲ್ಲ. ವೈದ್ಯರು ಈ ಹೆಸರು ಹೇಳಿದರೆ, ‘ನಿನಗೇನೂ ಆಗಿಲ್ಲ’ ಎಂದು ಮನೆಯವರು ಅದನ್ನು ಅನುವಾದಿಸಬಾರದು. ವಿವರವಾದ ತಿಳಿವಳಿಕೆ, ಫಿಸಿಯೋಥೆರಪಿ ಮತ್ತು ಮನೋಚಿಕಿತ್ಸೆಯಿಂದ ಅನೇಕರು ಸುಧಾರಿಸುತ್ತಾರೆ.

7. ವೈದ್ಯರಲ್ಲಿ ಕೇಳಬೇಕಾದ್ದನ್ನು ಬರೆದುಕೊಂಡು ಹೋಗಿ

ಈ ರೋಗನಿರ್ಣಯ ಎಷ್ಟು ಖಚಿತ, ಬೇರೆ ಯಾವುದನ್ನು ಯೋಚಿಸಿದ್ದೀರಿ? ಇದು ಒಮ್ಮೆ ಬಂದು ನಿಲ್ಲುವುದೇ, ಮರುಕಳಿಸುವುದೇ, ನಿಧಾನವಾಗಿ ಹೆಚ್ಚುವುದೇ? ಔಷಧದ ಗುರಿ ರೋಗವನ್ನು ತಡೆಯುವುದೋ ಲಕ್ಷಣವನ್ನು ತಗ್ಗಿಸುವುದೋ? ವಾಹನ ಚಾಲನೆ, ಎತ್ತರದಲ್ಲಿ ಕೆಲಸ, ಈಜು, ಗರ್ಭಧಾರಣೆಯ ವಿಷಯದಲ್ಲಿ ಎಚ್ಚರಿಕೆಗಳೇನು? ಇಷ್ಟಕ್ಕೆ ಉತ್ತರ ಸಿಕ್ಕರೆ ಮೊದಲ ಭೇಟಿಗೆ ಸಾಕು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಲೆವೊಡೋಪಾ ಮಾತ್ರೆ ಲಕ್ಷಣವನ್ನು ಚೆನ್ನಾಗಿ ತಗ್ಗಿಸುತ್ತದೆ, ಆದರೆ ಒಳಗಿನ ನಶಿಸುವಿಕೆಯನ್ನು ನಿಲ್ಲಿಸುವುದಿಲ್ಲ. ಮೂರನೆಯ ಪ್ರಶ್ನೆಯನ್ನು ಕೇಳದವರು ಇದನ್ನು ಅರಿಯದೆ, ಕೆಲವು ವರ್ಷಗಳ ನಂತರ ಔಷಧವೇ ಕೆಟ್ಟಿತೆಂದು ಭಾವಿಸುತ್ತಾರೆ.

8. ಔಷಧದಲ್ಲಿ ಎಡವದಿರಿ

ಸೆಳವು ನಿಂತಿತೆಂದು ಅಪಸ್ಮಾರದ ಮಾತ್ರೆಯನ್ನು ಥಟ್ಟನೆ ಬಿಡುವುದು ಅತ್ಯಂತ ಅಪಾಯಕಾರಿ. ನಿಲ್ಲದ ಸೆಳವಿಗೆ ಅದೇ ಒಂದು ಮುಖ್ಯ ಕಾರಣ. ಲೆವೊಡೋಪಾ ಮತ್ತು ದೀರ್ಘಕಾಲ ಸೇವಿಸಿದ ಸ್ಟೀರಾಯ್ಡ್ ಕೂಡ ಹಠಾತ್ತನೆ ನಿಲ್ಲಿಸುವಂಥವಲ್ಲ. ವ್ಯಾಲ್ಪ್ರೋಯೇಟ್ ಎಂಬ ಅಪಸ್ಮಾರದ ಔಷಧ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಆದ್ದರಿಂದ ಮಗು ಬೇಕೆನ್ನುವವರು ಗರ್ಭ ನಿಂತ ಮೇಲಲ್ಲ, ಅದಕ್ಕೆ ಬಹಳ ಮುಂಚೆಯೇ ವೈದ್ಯರೊಡನೆ ಮಾತಾಡಬೇಕು, ಮತ್ತು ತಾವಾಗಿ ಮಾತ್ರೆ ಬಿಡಬಾರದು. ಮಯಸ್ತೇನಿಯಾ ಇರುವವರಿಗೆ ಕೆಲವು ಆಂಟಿಬಯೋಟಿಕ್‌ಗಳು ಉಸಿರಾಟವನ್ನೇ ದುರ್ಬಲಗೊಳಿಸಬಹುದಾದ್ದರಿಂದ, ಹಲ್ಲಿನ ವೈದ್ಯರ ಬಳಿ ಹೋದಾಗಲೂ ಕಾಯಿಲೆಯ ಹೆಸರು ಹೇಳಿ. ತಲೆನೋವಿಗೆ ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮೀರಿ ನುಂಗಿದರೆ ಆ ಮಾತ್ರೆಯೇ ದಿನನಿತ್ಯದ ತಲೆನೋವಿಗೆ ಕಾರಣವಾಗಬಹುದು. ಒಂದಕ್ಕಿಂತ ಹೆಚ್ಚು ಔಷಧ ಸೇರಿದ ಮಿಶ್ರ ಮಾತ್ರೆಗಳಾದರೆ ಹೀಗಾಗಲು ತಿಂಗಳಿಗೆ 10 ದಿನವೇ ಸಾಕು. ಮಾತ್ರೆ ನುಂಗಿದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಮುಂದಿನ ಭೇಟಿಗೆ ಅದನ್ನೂ ಕೊಂಡೊಯ್ಯಿರಿ.

ಹೊಸ ಔಷಧ ಶುರುವಾದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು, ಬಾಯಿಹುಣ್ಣು, ಜ್ವರ ಕಾಣಿಸಿದರೆ, ಅದರಲ್ಲೂ ಕಾರ್ಬಮಜಪೀನ್, ಫಿನಿಟಾಯಿನ್, ಲಮೋಟ್ರಿಜಿನ್ ಎಂಬ ಅಪಸ್ಮಾರದ ಔಷಧಗಳಲ್ಲಿ ಯಾವುದನ್ನಾದರೂ ಸೇವಿಸುತ್ತಿದ್ದರೆ, ಕೊಟ್ಟ ದಿನಾಂಕಕ್ಕೆ ಕಾಯದೆ ಅಂದೇ ವೈದ್ಯರನ್ನು ಕಾಣಿರಿ.